ಕರುಳಿನ ಕ್ಯಾನ್ಸರ್: ಮೂಲವ್ಯಾಧಿಯೆಂದು ಕಡೆಗಣಿಸದಿರಿ

ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ಔಷಧಿ ಅಂಗಡಿಗೆ ಹೋಗುವವರಿದ್ದಾರೆ. ದೊಡ್ಡ ಕರುಳಿನ ಕ್ಯಾನ್ಸರ್ ತಡವಾಗಿ ಪತ್ತೆಯಾಗಲು ಇದೂ ಒಂದು ಕಾರಣ. ವಾರಗಟ್ಟಲೆ ಭೇದಿ ಅಥವಾ ಮಲಬದ್ಧತೆ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಇತರ ಲಕ್ಷಣಗಳು.

ಕರುಳಿನ ಒಳಪದರದಲ್ಲಿ ಮೂಡುವ ಪಾಲಿಪ್ ಎಂಬ ಸಣ್ಣ ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 10 ವರ್ಷಗಳೇ ಬೇಕು. ಕೊಲೊನೊಸ್ಕೋಪಿ ವೇಳೆಯಲ್ಲೇ ಅದನ್ನು ತೆಗೆದುಹಾಕಬಹುದು. ಆದರೆ 2016ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ಸಾಮೂಹಿಕ ತಪಾಸಣೆಯ ಪಟ್ಟಿಗೆ ಸೇರಿದ್ದು ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಮಾತ್ರ. ಹೀಗಾಗಿ ಕರುಳಿನ ಲಕ್ಷಣ ಗಮನಿಸುವ ಹೊಣೆ ಜನರದೇ.

ಕಾರವಾರ-ಅಂಕೋಲಾ ನಡುವಿನ ತೋಡೂರಿನಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಸುಮಾರು 500 ಕಿ.ಮೀ. ದೂರ. ಆದರೆ ಗುದದ್ವಾರದ ಪರೀಕ್ಷೆ, ಹಿಮೋಗ್ಲೋಬಿನ್ ಪರೀಕ್ಷೆಗಳು ಕಾರವಾರದಲ್ಲೇ ಸಾಧ್ಯ. ಹೆತ್ತವರು, ಒಡಹುಟ್ಟಿದವರಿಗೆ ಈ ರೋಗ ಬಂದಿದ್ದರೆ ಲಕ್ಷಣಕ್ಕೆ ಕಾಯದೆ 40ನೇ ವಯಸ್ಸಿನೊಳಗೇ ವೈದ್ಯರನ್ನು ಕಾಣುವುದು ಸೂಕ್ತ.