ಹುಲ್ಲಿಗೂ ಕಾವಲಿದ್ದ ಕಾಲ

ಚಳ್ಳಕೆರೆ, ಬೀರೂರು, ಅಜ್ಜಂಪುರ, ಅರಸೀಕೆರೆ ಕಡೆ ಬಸ್ಸಿನಲ್ಲಿ ಹೋಗುವವರು ‘ಕಾವಲು’ ಎಂದು ಕೊನೆಗೊಳ್ಳುವ ಹೆಸರುಗಳನ್ನು ಆಗಾಗ ಕೇಳುತ್ತಾರೆ. ಬಸೂರು ಕಾವಲು, ವರವು ಕಾವಲು, ಹೀಗೆ. ಅಲ್ಲಿ ಕಾಯುತ್ತಿದ್ದುದು ಕೋಟೆಯನ್ನಲ್ಲ, ಖಜಾನೆಯನ್ನೂ ಅಲ್ಲ. ಬರೀ ಹುಲ್ಲನ್ನು!

ದನ ಸಾಕಲು ನೆಲವನ್ನು ಹದಗೊಳಿಸುವುದೆಂದರೆ ಈಗ ನಮ್ಮ ಕಣ್ಣ ಮುಂದೆ ಬರುವುದು ತಂತಿ ಬೇಲಿ, ಕೊಳವೆ ಬಾವಿ, ನೇಪಿಯರ್ ಹುಲ್ಲು. ಹಳೆಯ ಮೈಸೂರಿನ ದೊರೆಗಳು ಅನುಸರಿಸಿದ ದಾರಿ ಬೇರೆ. ಅವರು ನೆಲವನ್ನು ಉಳಲಿಲ್ಲ, ಬಿತ್ತಲಿಲ್ಲ. ಯಾವ ಬಯಲಿಗೆ ಯಾವ ತಿಂಗಳಲ್ಲಿ ದನ ಬಿಡಬೇಕು, ಯಾವಾಗ ಬಿಡಬಾರದು ಎಂಬುದನ್ನು ಗೊತ್ತು ಮಾಡಿದರು.

ಈ ಏರ್ಪಾಟಿಗೆ ಗಟ್ಟಿ ರೂಪ ಕೊಟ್ಟವನು ಚಿಕ್ಕದೇವರಾಜ ಒಡೆಯ (1672-1704). ಅರಮನೆಯ ದನಗಳಿಗಾಗಿ ರಾಜ್ಯದ ನಾನಾ ಭಾಗಗಳಲ್ಲಿ ಕಾವಲುಗಳನ್ನು ಗುರುತಿಸಿದ ಆತ ಆ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂದು ಹೆಸರಿಟ್ಟ. ಹೆಸರೇ ಹೇಳುವಂತೆ ಆಗ ಗಮನ ಹಾಲು ಬೆಣ್ಣೆಯ ಕಡೆಗಿತ್ತು. ಹೈದರಾಲಿಯ ಕಣ್ಣು ಬಿದ್ದದ್ದು ಎತ್ತಿನ ಕಾಲಿನ ಮೇಲೆ. ಫಿರಂಗಿ ಎಳೆಯಲು ಈ ತಳಿಯಂಥದು ಇನ್ನೊಂದಿರಲಿಲ್ಲ. ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಂ ತಲುಪಿದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ಗೆಜೆಟಿಯರ್‌ಗಳು ಬರೆದಿವೆ. ಟಿಪ್ಪು ಇಲಾಖೆಯ ಹೆಸರನ್ನು ‘ಅಮೃತ ಮಹಲ್’ ಎಂದು ಬದಲಿಸಿ, ಅದರ ಆಡಳಿತಕ್ಕೆ ಪ್ರತ್ಯೇಕ ಹುಕುಂನಾಮೆಯನ್ನೇ ಹೊರಡಿಸಿದ. ಹೆಸರಿನಲ್ಲಿ ಅಮೃತವಿದ್ದರೂ ಈ ಹಸು ಕೊಡುವ ಹಾಲು ಕರುವಿಗೆ ಸಾಕಾದರೆ ಹೆಚ್ಚು ಎಂಬುದು ಬೇರೆ ಮಾತು.

ಕಾವಲುಗಳಲ್ಲಿ ಮೂರು ಬಗೆ: ಬೇಸಿಗೆಯವು, ಮಳೆಗಾಲದವು, ಚಳಿಗಾಲದವು. ಎಲ್ಲಕ್ಕಿಂತ ಬೆಲೆ ಬೇಸಿಗೆ ಕಾವಲಿಗೆ. ಅದು ಸಾಮಾನ್ಯವಾಗಿ ಕೆರೆಯಂಗಳ. ಸುತ್ತಲ ಬಯಲೆಲ್ಲ ಒಣಗಿದಾಗಲೂ ಅಲ್ಲಿ ಒಂದಿಷ್ಟು ಹಸಿರು, ಕುಡಿಯಲು ನೀರು, ಮಧ್ಯಾಹ್ನ ಮಲಗಲು ಮರದ ನೆರಳು ಸಿಗುತ್ತಿತ್ತು. ಹಿಂಡು ಒಂದು ಕಾವಲಿನಿಂದ ಇನ್ನೊಂದಕ್ಕೆ ಹೊರಟರೆ ಹಿಂದೆ ಬಿಟ್ಟ ನೆಲಕ್ಕೆ ವಿಶ್ರಾಂತಿ. ಹುಲ್ಲು ತೆನೆಗಟ್ಟಿ, ಬೀಜ ಉದುರಿಸಿ, ಮುಂದಿನ ಮಳೆಗೆ ಮತ್ತೆ ಚಿಗುರಬೇಕಲ್ಲ! ಆ ಅವಧಿಯಲ್ಲಿ ಬೇರೆಯವರ ದನ ನುಗ್ಗದಂತೆ ನೋಡಿಕೊಳ್ಳುವುದೇ ಕಾವಲುಗಾರನ ಕೆಲಸ. ಊರ ದನಗಳಿಗಾಗಿಯೇ ಬಿಟ್ಟ ಗೋಮಾಳಕ್ಕೂ ಸರ್ಕಾರದ ಕಾವಲಿಗೂ ವ್ಯತ್ಯಾಸ ಇಲ್ಲಿದೆ. ಹಳ್ಳಿಗರಿಗೆ ಇದು ಹಿತವಾಗಿದ್ದಿರಲಾರದು. ಆದರೆ ಕಾಯದೇ ಬಿಟ್ಟ ಬಯಲಿನ ಗತಿ ಏನಾಗುತ್ತದೆಂದು ತಿಳಿಯಲು ಇಂದಿನ ಗೋಮಾಳಗಳನ್ನು ನೋಡಿದರೆ ಸಾಕು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ದನಗಳು ಇಂಗ್ಲಿಷರ ಸೈನ್ಯಕ್ಕೆ ದುಡಿದವು. ಮೊದಲ ವರ್ಷಗಳಲ್ಲಿ ಹಿಂಡು ಕ್ಷೀಣಿಸಿತು. 1813ರಲ್ಲಿ ಮದರಾಸು ಸೈನ್ಯದ ಕ್ಯಾಪ್ಟನ್ ಹಾರ್ವೆ ವಹಿಸಿಕೊಂಡ ಮೇಲೆ ಚೇತರಿಸಿಕೊಂಡಿತು. 1860ರಲ್ಲಿ ಮದರಾಸು ಸರ್ಕಾರ ಖರ್ಚು ಉಳಿಸಲೆಂದು ಇಡೀ ಹಿಂಡನ್ನೇ ಮಾರಿಬಿಟ್ಟಿತು. ಆರೇಳು ವರ್ಷಗಳಲ್ಲೇ ಒಳ್ಳೆಯ ಎತ್ತು ಸಿಗದೆ ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. ಮಾರಿದ ದನವನ್ನು ಹೇಗೋ ಕೂಡಿಸಬಹುದು. ನೆಲ ಹೋದರೆ?

ನೆಲ ಹೋಗಲು ತೊಡಗಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಲಾರಿ, ಟ್ರ್ಯಾಕ್ಟರ್ ಬಂದು ಸೈನ್ಯಕ್ಕೆ ಎತ್ತು ಬೇಡವಾಯಿತು. ಎರಡನೆಯ ಮಹಾಯುದ್ಧದ ಕಾಲದ ‘ಹೆಚ್ಚು ಆಹಾರ ಬೆಳೆಯಿರಿ’ ಚಳವಳಿ, ಆಮೇಲೆ ಭೂರಹಿತರಿಗೆ ಜಮೀನು ಹಂಚಿಕೆ, ಅರಣ್ಯ ಇಲಾಖೆಯ ನೆಡುತೋಪು ಎಲ್ಲವಕ್ಕೂ ಸುಲಭವಾಗಿ ಕಂಡದ್ದು ಕಾವಲು. ಭೂರಹಿತನಿಗೆ ಎರಡೆಕರೆ ಸಿಕ್ಕಿದ್ದನ್ನು ಯಾರು ತಾನೇ ತಪ್ಪೆಂದಾರು? ಆದರೆ ಮರವಿಲ್ಲದ ನೆಲವೆಲ್ಲ ಬೀಳು ಎಂಬ ಭಾವನೆ ಕಚೇರಿಗಳಲ್ಲಿ ಬೇರೂರಿದ್ದು ಆಗಲೇ.

ಚಳ್ಳಕೆರೆ ತಾಲ್ಲೂಕಿನಲ್ಲಿ ಇದು ಜಗಳಕ್ಕೇ ತಿರುಗಿತು. ವರವು ಕಾವಲು, ಖುದಾಪುರ, ಉಳ್ಳಾರ್ತಿ ಸುತ್ತ ಎಂಟು ಸಾವಿರ ಎಕರೆಗೂ ಹೆಚ್ಚು ನೆಲ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಬಾಬಾ ಅಣು ಸಂಶೋಧನಾ ಕೇಂದ್ರ, ಇಸ್ರೊಗಳ ಪಾಲಾಯಿತು. ಗೋಡೆಗಳು ಎದ್ದವು. ಆ ಬಯಲಿನಲ್ಲಿ ಮೇಯುತ್ತಿದ್ದುದು ಅಮೃತ ಮಹಲ್ ದನಗಳಷ್ಟೇ ಅಲ್ಲ, ಸುತ್ತಲ ಹಳ್ಳಿಗಳ ಕುರಿಗಳೂ ಹೌದು. ಚಳ್ಳಕೆರೆಯ ಹೆಸರಾಂತ ಕಂಬಳಿಗೆ ಉಣ್ಣೆ ಬರುವುದು ಕುರಿಯಿಂದ, ಕುರಿಗೆ ಹುಲ್ಲು ಬರುವುದು ಕಾವಲಿನಿಂದ. ಹಳ್ಳಿಗರು ಪ್ರತಿಭಟಿಸಿದರು, ವಿವಾದ ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಹತ್ತಿತು. ಆದರೂ 2017ರಲ್ಲಿ ವರವು ಕಾವಲಿನಲ್ಲಿ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. ಇಸ್ರೊದ ಮರುಬಳಕೆಯ ರಾಕೆಟ್ ವಾಹನ 2023ರ ಏಪ್ರಿಲ್ 2ರಂದು ತಾನಾಗಿ ಬಂದಿಳಿದದ್ದು ಅದೇ ಕೇಂದ್ರದ ರನ್‌ವೇ ಮೇಲೆ.

ಊರಿನ ಪ್ರತಿ ನೂರು ದನಗಳಿಗೆ ಮೂವತ್ತು ಎಕರೆ ಗೋಮಾಳ ಇರಬೇಕೆಂದು ರಾಜ್ಯದ ಭೂಕಂದಾಯ ನಿಯಮಗಳು 1966ರಲ್ಲೇ ಹೇಳಿವೆ. ಕಾವಲು ಮುಚ್ಚಿದಾಗ ಈ ಗೋಮಾಳಗಳ ಮೇಲೆ ಬೀಳುವ ಹೊರೆಯನ್ನು ಲೆಕ್ಕ ಹಾಕುವವರು ಮಾತ್ರ ಕಡಿಮೆ.

ಕಡೂರು ತಾಲ್ಲೂಕಿನ ಬಸೂರು ಕಾವಲಿನ ಕಥೆ ಸ್ವಲ್ಪ ಭಿನ್ನ. 2011ರಲ್ಲಿ ಅದನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಅಲ್ಲಿ ಕೃಷ್ಣಮೃಗಗಳಿವೆ. ಅಜ್ಜಂಪುರದ ಸರ್ಕಾರಿ ತಳಿ ಸಂವರ್ಧನಾ ಕೇಂದ್ರ ನೋಡಿಕೊಳ್ಳುವ ಅಮೃತ ಮಹಲ್ ಹಿಂಡುಗಳು ಇಂದಿಗೂ ಉಳಿದ ಕಾವಲುಗಳಲ್ಲಿ ಮೇಯುತ್ತವೆ.