ಏಡ್ಸ್ ಕಾರ್ಯಕ್ರಮ: ನಕ್ಷೆ ಯಾರ ಕೈಯಲ್ಲಿತ್ತು?

ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಡಾ. ಸುನೀತಿ ಸಾಲೊಮನ್ ಅವರ ತಂಡ ಲೈಂಗಿಕ ವೃತ್ತಿಯ ಮಹಿಳೆಯರ ರಕ್ತದ ಮಾದರಿಗಳಲ್ಲಿ ಅದನ್ನು ಗುರುತಿಸಿತು. ಆರು ವರ್ಷದ ಬಳಿಕ, 1992ರಲ್ಲಿ, ವಿಶ್ವಬ್ಯಾಂಕಿನ 8.4 ಕೋಟಿ ಡಾಲರ್ ಸಾಲದ ಬಲದಿಂದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಅದನ್ನು ನಡೆಸಲು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ಹುಟ್ಟಿತು. ಮುಂದಿನ ಎರಡು ದಶಕಗಳಲ್ಲಿ ಅಮೆರಿಕದ ಯುಎಸ್‌ಏಡ್, ಬ್ರಿಟನ್ನಿನ ಡಿಎಫ್‌ಐಡಿ, ಕೆನಡಾದ ಸಿಡಾ, ಗ್ಲೋಬಲ್ ಫಂಡ್, ಗೇಟ್ಸ್ ಫೌಂಡೇಷನ್ ಒಂದರ ಹಿಂದೆ ಒಂದು ಬಂದವು. ಈ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಹಣದ ಲೆಕ್ಕ ಹೇಳುತ್ತಾರೆ, ಇಲ್ಲವೇ ಸಭೆಗಳ ಲೆಕ್ಕ ಹೇಳುತ್ತಾರೆ. ನನ್ನ ವಾದ ಬೇರೆ. ಹೊರಗಿನ ಸಂಸ್ಥೆಗಳನ್ನು ಒಂದು ದಾರಿಗೆ ತಂದದ್ದು ಸಭೆಗಳಲ್ಲ. ಯಾವ ಊರಿನಲ್ಲಿ ಯಾರು ಕೆಲಸ ಮಾಡಬೇಕು, ಸೋಂಕಿತರನ್ನು ಯಾರು ಎಣಿಸಬೇಕು, ಹಣ ಯಾವ ದಾರಿಯಲ್ಲಿ ಹರಿಯಬೇಕು ಎಂದು ನಿರ್ಧರಿಸುವ ಅಧಿಕಾರ ನಿಧಾನವಾಗಿ ಈ ನೆಲದ ಸಂಸ್ಥೆಗಳ ಕೈಗೆ ಬಂದದ್ದು.

ಮೊದಲ ವರ್ಷಗಳಲ್ಲಿ ಆ ಅಧಿಕಾರ ಯಾರಲ್ಲೂ ಇರಲಿಲ್ಲ. ದೆಹಲಿಯಿಂದ ಹೊರಟ ಹಣ ರಾಜ್ಯಗಳ ಖಜಾನೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಇದಕ್ಕೆ ದಾರಿ ತೋರಿಸಿದ್ದು ತಮಿಳುನಾಡು: 1994ರಲ್ಲಿ ಅದು ಸರ್ಕಾರದ್ದೇ ಆದರೂ ಸ್ವತಂತ್ರವಾಗಿ ಖರ್ಚು ಮಾಡಬಲ್ಲ ಒಂದು ಸೊಸೈಟಿಯನ್ನು ಕಟ್ಟಿತು. ಉಳಿದ ರಾಜ್ಯಗಳೂ ಅದೇ ಮಾದರಿ ಹಿಡಿದವು. ಕರ್ನಾಟಕದಲ್ಲಿ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಬಂತು. ಆಡಳಿತದ ಸಣ್ಣ ತಿದ್ದುಪಡಿಯಂತೆ ಕಾಣುವ ಈ ಹೆಜ್ಜೆ ಮುಂದಿನ ಎಲ್ಲಕ್ಕೂ ಬುನಾದಿಯಾಯಿತು. ಹೊರಗಿನವರು ಬಂದು ಯಾರೊಂದಿಗೆ ಕೂತು ಮಾತಾಡಬೇಕು ಎಂಬ ಪ್ರಶ್ನೆಗೆ ಆಗ ಮೊದಲ ಬಾರಿಗೆ ಉತ್ತರ ಸಿಕ್ಕಿತು.

ಅದರ ಫಲ ಸ್ಪಷ್ಟವಾಗಿ ಕಾಣುವುದು ಉತ್ತರ ಕರ್ನಾಟಕದಲ್ಲಿ. 2001ರ ಹೊತ್ತಿಗೆ ಕೆನಡಾದ ನೆರವಿನ ಯೋಜನೆಯೊಂದು ರಾಜ್ಯಕ್ಕೆ ಬಂತು. ಅದರ ಅಡಿಯಲ್ಲಿ 2003ರಲ್ಲಿ ಬಾಗಲಕೋಟೆ ಜಿಲ್ಲೆಯ ಸಾಮಾನ್ಯ ಜನರ ನಡುವೆ ನಡೆದ ಸಮೀಕ್ಷೆಯಲ್ಲಿ ಶೇಕಡಾ 3ರ ಆಸುಪಾಸಿನಷ್ಟು ವಯಸ್ಕರಲ್ಲಿ ಸೋಂಕು ಕಂಡಿತು. ಪಟ್ಟಣಗಳಿಗಿಂತ ಹಳ್ಳಿಗಳಲ್ಲೇ ಹೆಚ್ಚು. ರೋಗ ಹೆದ್ದಾರಿಯಲ್ಲಿ, ದೊಡ್ಡ ನಗರಗಳಲ್ಲಿ ಮಾತ್ರ ಇದೆ ಎಂಬ ನಂಬಿಕೆ ಅಲ್ಲಿಗೆ ಸುಳ್ಳಾಯಿತು. 1982ರಲ್ಲೇ ಕಾನೂನು ನಿಷೇಧಿಸಿದ್ದರೂ ಬಡತನ ಮತ್ತು ಜಾತಿ ಉಳಿಸಿಕೊಂಡು ಬಂದಿದ್ದ ಮಹಿಳೆಯರನ್ನು ಲೈಂಗಿಕ ವೃತ್ತಿಗೆ ದೂಡುತ್ತಿದ್ದ ದೇವದಾಸಿ ಪದ್ಧತಿ ಆ ಭಾಗದ ಹಲವು ಹಳ್ಳಿಗಳಲ್ಲಿ ಇತ್ತು. ಅದೇ 2003ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಸ್ಥಾಪನೆಯಾಯಿತು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಮತ್ತು ರಾಜ್ಯದ ಏಡ್ಸ್ ಸೊಸೈಟಿ ಅದರ ಪಾಲುದಾರರು. ಗೇಟ್ಸ್ ಫೌಂಡೇಷನ್ ತನ್ನ ಎಚ್‌ಐವಿ ತಡೆಯ 'ಆವಾಹನ' ಯೋಜನೆಯ ಹಣವನ್ನು ಈ ಟ್ರಸ್ಟಿನ ಮೂಲಕ ಹರಿಸಿತು; ಕೆಲವು ವರ್ಷಗಳ ಬಳಿಕ ಯುಎಸ್‌ಏಡ್‌ನ 'ಸಮಸ್ತ' ಯೋಜನೆಯ ಹಣವೂ ಇಲ್ಲಿಗೇ ಬಂತು. ಯಾವ ಹಣ ಬಂದರೂ ಕೆಲಸದ ಅಡಿಪಾಯ ಒಂದೇ. ಯಾವ ಪಟ್ಟಣದಲ್ಲಿ, ಯಾವ ಬಸ್‌ಸ್ಟ್ಯಾಂಡಿನ ಸುತ್ತ, ಯಾವ ಹಳ್ಳಿಯಲ್ಲಿ ಎಷ್ಟು ಮಂದಿ ಲೈಂಗಿಕ ವೃತ್ತಿಯ ಮಹಿಳೆಯರಿದ್ದಾರೆ ಎಂಬುದನ್ನು ಆ ಮಹಿಳೆಯರೇ ಸೇರಿ ಗುರುತಿಸಿದ ನಕ್ಷೆ. ನಕ್ಷೆ ಒಂದೇ ಆದ ಮೇಲೆ ಒಂದು ಊರಿಗೆ ಮೂವರು ದಾನಿಗಳು, ಪಕ್ಕದ ಊರಿಗೆ ಯಾರೂ ಇಲ್ಲ ಎಂಬ ಸ್ಥಿತಿಯನ್ನು ಮರೆಮಾಚಲು ಆಗುವುದಿಲ್ಲ.

ಜಾಗತಿಕ ಮಟ್ಟದಲ್ಲೂ ಇದೇ ದಿಕ್ಕಿನ ಯೋಚನೆ ನಡೆದಿತ್ತು. 2004ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ದಾನಿ ದೇಶಗಳು ಮತ್ತು ವಿಶ್ವಸಂಸ್ಥೆಯ ಯುಎನ್‌ಏಡ್ಸ್ ಒಂದು ಸೂತ್ರಕ್ಕೆ ಒಪ್ಪಿದವು: ದೇಶಕ್ಕೊಂದೇ ಯೋಜನೆ, ಒಂದೇ ಪ್ರಾಧಿಕಾರ, ಒಂದೇ ಮೌಲ್ಯಮಾಪನ ವ್ಯವಸ್ಥೆ. ಕಾಗದದ ಮೇಲೆ ಎಲ್ಲರೂ ಒಪ್ಪುವ ಮಾತು. ಎಣಿಕೆಯ ವಿಷಯದಲ್ಲಿ ಅದು ಎಷ್ಟು ಕಷ್ಟ ಎಂಬುದಕ್ಕೆ ಭಾರತವೇ ಸಾಕ್ಷಿ. 2002ರಲ್ಲಿ ಅಮೆರಿಕದ ಗುಪ್ತಚರ ಮಂಡಳಿಯೊಂದರ ವರದಿ, 2010ಕ್ಕೆ ಭಾರತದಲ್ಲಿ 2ರಿಂದ 2.5 ಕೋಟಿ ಸೋಂಕಿತರು ಇರುತ್ತಾರೆ ಎಂದಿತ್ತು. ದೆಹಲಿ ಅದನ್ನು ಸಿಟ್ಟಿನಿಂದಲೇ ತಳ್ಳಿಹಾಕಿತು. 2006ರಲ್ಲಿ ಯುಎನ್‌ಏಡ್ಸ್ 57 ಲಕ್ಷ ಎಂದಿತು, ನ್ಯಾಕೋ 52 ಲಕ್ಷ ಎಂದಿತು. ಮೂರನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 1 ಲಕ್ಷಕ್ಕೂ ಹೆಚ್ಚು ಜನರ ರಕ್ತ ಪರೀಕ್ಷಿಸಿದಾಗ, 2007ರಲ್ಲಿ, ಅಂದಾಜು 25 ಲಕ್ಷಕ್ಕೆ ಇಳಿಯಿತು. ಸರ್ಕಾರಿ ಆಸ್ಪತ್ರೆಗೆ ಬರುವ ಗರ್ಭಿಣಿಯರ ರಕ್ತದಿಂದ ಇಡೀ ದೇಶವನ್ನು ಲೆಕ್ಕ ಹಾಕಿದ್ದು ಹಳೆಯ ತಪ್ಪಿನ ಒಂದು ಮುಖ್ಯ ಕಾರಣ. ಈ ಪರಿಷ್ಕರಣೆಯಲ್ಲಿ ನ್ಯಾಕೋ, ಯುಎನ್‌ಏಡ್ಸ್, ವಿಶ್ವ ಆರೋಗ್ಯ ಸಂಸ್ಥೆ ಮೂವರೂ ಒಂದೇ ಸಂಖ್ಯೆಗೆ ಬಂದರು. ಸೋಂಕಿತರ ಸಂಖ್ಯೆ ಇಳಿದರೆ ದೇಣಿಗೆಯೂ ಇಳಿಯಬಹುದು ಎಂದು ತಿಳಿದೂ ಬಂದರು, ಆದ್ದರಿಂದ ಅದನ್ನು ನಾನು ಈ ಇಡೀ ಚರಿತ್ರೆಯ ಅತ್ಯಂತ ಪ್ರಾಮಾಣಿಕ ಘಟ್ಟ ಎನ್ನುತ್ತೇನೆ.

ನನ್ನ ವಾದಕ್ಕೆ ಗಟ್ಟಿಯಾದ ಆಕ್ಷೇಪಗಳಿವೆ. ಒಂದೇ ಪ್ರಾಧಿಕಾರಕ್ಕೆ ಎಲ್ಲವನ್ನೂ ಒಪ್ಪಿಸಿದ್ದರೆ ಹೊಸದೇನೂ ಹುಟ್ಟುತ್ತಿರಲಿಲ್ಲ ಎನ್ನುವವರಿದ್ದಾರೆ. ಲೈಂಗಿಕ ವೃತ್ತಿಯವರನ್ನು ಪೊಲೀಸರ ಕಣ್ಣಿನಿಂದಲೇ ನೋಡುವ ಸರ್ಕಾರಕ್ಕೆ ನಕ್ಷೆ ಕೊಡುವುದು ಅಪಾಯ ಎನ್ನುವವರೂ ಇದ್ದಾರೆ. ಎರಡರಲ್ಲೂ ಸತ್ಯವಿದೆ. ಆವಾಹನ ಸರ್ಕಾರಿ ಗತಿಗೆ ಕಾಯದೆ ಓಡಿದ್ದರಿಂದಲೇ ಅಷ್ಟು ಬೇಗ ಅಷ್ಟು ಜನರನ್ನು ಮುಟ್ಟಿತು. ಮೊದಲ ಐದು ವರ್ಷಗಳಲ್ಲಿ ಸುಮಾರು 1 ಲಕ್ಷ ಸೋಂಕು ತಪ್ಪಿಸಿತೆಂದು 2011ರ ಅಧ್ಯಯನವೊಂದು ಅಂದಾಜಿಸಿತು. ಆದರೆ ದಾನಿಯ ನೀತಿ ಸರ್ಕಾರದ ನೀತಿಗಿಂತ ಯಾವಾಗಲೂ ಉದಾರವಾಗಿರುತ್ತದೆ ಎಂಬುದು ನಿಜವಲ್ಲ. ವೇಶ್ಯಾವೃತ್ತಿಯನ್ನು ವಿರೋಧಿಸುತ್ತೇವೆಂದು ಬರೆದುಕೊಟ್ಟವರಿಗೆ ಮಾತ್ರ ಹಣ ಎಂದು ಅಮೆರಿಕ ಷರತ್ತು ಹಾಕಿದಾಗ, 2005ರಲ್ಲಿ, ನಮ್ಮ ರಾಜ್ಯದ ಗಡಿಯಾಚೆಯ ಸಾಂಗಲಿಯ 'ಸಂಗ್ರಾಮ್' ಸಂಸ್ಥೆ ಆ ಹಣ ಬೇಡವೆಂದಿತು. ಬ್ರೆಜಿಲ್ ಅದೇ ವರ್ಷ ಸುಮಾರು 4 ಕೋಟಿ ಡಾಲರ್ ನಿರಾಕರಿಸಿತು. ಹಾಗೆ ನಿರಾಕರಿಸುವ ಧೈರ್ಯ ಬ್ರೆಜಿಲ್‌ಗೆ ಬಂದದ್ದು ಅದಕ್ಕೆ ತನ್ನದೇ ಯೋಜನೆ ಇದ್ದುದರಿಂದ. ಇನ್ನು ನಕ್ಷೆಯ ಅಪಾಯಕ್ಕೆ ಉತ್ತರ ಮೈಸೂರಿನ 'ಆಶೋದಯ', ಬೆಳಗಾವಿಯ 'ಶಕ್ತಿ'ಯಂಥ ಲೈಂಗಿಕ ವೃತ್ತಿಯವರದೇ ಸಂಘಟನೆಗಳು. ನಕ್ಷೆಯನ್ನು ಬರೆದವರೇ ಅದರ ಕಾವಲಿಗೂ ನಿಂತರೆ ಸರ್ಕಾರ ಅದನ್ನು ದುರುಪಯೋಗ ಮಾಡುವುದು ಸುಲಭವಲ್ಲ.

2009, 2011 ಮತ್ತು 2012ರಲ್ಲಿ ಮೂರು ಕಂತಿನಲ್ಲಿ ಆವಾಹನದ ಕೇಂದ್ರಗಳು ಸರ್ಕಾರಕ್ಕೆ ಹಸ್ತಾಂತರವಾದವು. ಸರ್ಕಾರದ ವೆಚ್ಚದ ಅಳತೆಗೆ ತಕ್ಕಂತೆ ಅವುಗಳನ್ನು ಮೊದಲೇ ತಿದ್ದಿದ್ದರಿಂದ ಕೆಲಸ ಕುಸಿಯಲಿಲ್ಲ. ಆದರೆ 2014ರಲ್ಲಿ ಸೊಸೈಟಿಗಳಿಗೆ ನೇರವಾಗಿ ಹೋಗುತ್ತಿದ್ದ ಹಣವನ್ನು ಮತ್ತೆ ರಾಜ್ಯಗಳ ಖಜಾನೆಯ ಮೂಲಕ ಕಳಿಸಲು ಕೇಂದ್ರ ತೀರ್ಮಾನಿಸಿತು. ಇಪ್ಪತ್ತು ವರ್ಷ ಹಿಂದಿನ ಕಾಯಿಲೆ ಮರುಕಳಿಸಿ, ಕ್ಷೇತ್ರ ಕಾರ್ಯಕರ್ತರ ಸಂಬಳ ತಿಂಗಳುಗಟ್ಟಲೆ ತಡವಾಯಿತು. ಅಧಿಕಾರ ನಮ್ಮದಾದರೆ ಸಾಲದು, ಅದನ್ನು ಚಲಾಯಿಸುವ ವ್ಯವಸ್ಥೆಯನ್ನೂ ಕಾಯಬೇಕಿತ್ತು. ಆದರೂ ರಾಷ್ಟ್ರೀಯ ಕಾರ್ಯಕ್ರಮದ ಐದನೆಯ ಹಂತದ, 2021ರಿಂದ 2026ರವರೆಗಿನ, 15,471.94 ಕೋಟಿ ರೂಪಾಯಿ ಹಣ ಕೇಂದ್ರದ್ದು. ಹೀಗಾಗಿ 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವು ನಿಲ್ಲಿಸಿದಾಗ, ಆಫ್ರಿಕಾದ ಹಲವು ದೇಶಗಳಲ್ಲಾದಂತೆ ಇಲ್ಲಿ ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಕೇಂದ್ರಗಳು ಬಾಗಿಲು ಹಾಕಲಿಲ್ಲ. ಬಾಗಿಲು ಹಾಕಿದ್ದು ಹೈದರಾಬಾದ್, ಕಲ್ಯಾಣ್ ಮತ್ತು ಪುಣೆಯಲ್ಲಿ ಯುಎಸ್‌ಏಡ್ ಹಣದಿಂದ ನಡೆಯುತ್ತಿದ್ದ, ಲಿಂಗತ್ವ ಅಲ್ಪಸಂಖ್ಯಾತರಿಗೆಂದೇ ಇದ್ದ 'ಮಿತ್ರ್' ಕ್ಲಿನಿಕ್‌ಗಳು. ಅಂಥ ಕ್ಲಿನಿಕ್‌ಗಳನ್ನು ಮುಂದಿನ ಹಂತದ ರಾಷ್ಟ್ರೀಯ ಯೋಜನೆಯಲ್ಲೇ ಬರೆದು, ಅವುಗಳ ಸಂಬಳ, ಔಷಧಿಯ ಹಣವನ್ನು ನಮ್ಮ ಬಜೆಟ್ಟಿನಲ್ಲೇ ಇಡಬೇಕು. ಆ ಕೆಲಸವನ್ನು ಇನ್ನೊಬ್ಬ ದಾನಿ ಬರುವವರೆಗೆ ಕಾಯಿಸಬಾರದು.