ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆಯೇ? ಹಿಂದೆ ಟ್ರೈಲರ್ ಇದ್ದರೆ?

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು 20 ಕಿ.ಮೀ. ರಸ್ತೆ ಬಹುತೇಕ ಸಮತಟ್ಟು. ಅಲ್ಲಿಂದ ತೀರ್ಥಹಳ್ಳಿ ದಾಟಿ ಆಗುಂಬೆ ತಲುಪಿದರೆ ಚಿತ್ರವೇ ಬದಲಾಗುತ್ತದೆ. 14 ಹೇರ್‌ಪಿನ್ ತಿರುವುಗಳನ್ನು ಸುತ್ತಿ ಸೋಮೇಶ್ವರಕ್ಕೆ ಇಳಿಯಬೇಕು. ಇಂಥ ಇಳಿಜಾರಿನಲ್ಲಿ ಪಕ್ಕದ ಸೀಟಿನವರು ಕೊಡುವ ಒಂದು ಸಲಹೆಯನ್ನು ನೀವೂ ಕೇಳಿರಬಹುದು: "ನ್ಯೂಟ್ರಲ್ ಹಾಕು, ಗಾಡಿ ತಾನಾಗಿಯೇ ಇಳಿಯುತ್ತೆ, ಪೆಟ್ರೋಲ್ ಉಳಿಯುತ್ತೆ."

ಇದು ನಿಜವೇ? ಈಗಿನ ಗಾಡಿಗಳಲ್ಲಿ ನಿಜವಲ್ಲ. ಗಾಡಿಯ ಹಿಂದೆ ಟ್ರೈಲರ್ ಇದ್ದರಂತೂ ಈ ಸಲಹೆ ಪ್ರಾಣಕ್ಕೇ ಅಪಾಯ.

ಗೇರ್‌ನಲ್ಲಿದ್ದಾಗ ಏನಾಗುತ್ತದೆ?

ಇಂದಿನ ಪೆಟ್ರೋಲ್ ಇಂಜಿನ್‌ಗಳಲ್ಲಿ ಇಂಧನವನ್ನು ಇಂಜೆಕ್ಟರ್‌ಗಳು ಸಿಂಪಡಿಸುತ್ತವೆ, ಅವುಗಳನ್ನು ಕಂಪ್ಯೂಟರ್ ನಿಯಂತ್ರಿಸುತ್ತದೆ. ಗಾಡಿ ಗೇರ್‌ನಲ್ಲಿದ್ದು ನೀವು ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ. ಇಂಜಿನ್ ಸಾಕಷ್ಟು ವೇಗದಲ್ಲಿ ತಿರುಗುತ್ತಿರುವವರೆಗೆ ಕಂಪ್ಯೂಟರ್ ಇಂಧನವನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ. ಅಂದರೆ ಆ ಹೊತ್ತಿನಲ್ಲಿ ಖರ್ಚು ಸೊನ್ನೆ.

ನ್ಯೂಟ್ರಲ್‌ನಲ್ಲಿ ಚಕ್ರಕ್ಕೂ ಇಂಜಿನ್‌ಗೂ ಸಂಬಂಧ ಕಡಿಯುತ್ತದೆ. ಇಂಜಿನ್ ಆಫ್ ಆಗದಿರಬೇಕಾದರೆ ಅದಕ್ಕೆ ಪೆಟ್ರೋಲ್ ಬೇಕೇ ಬೇಕು. ಸಾಮಾನ್ಯ ಕಾರೊಂದು ಹೀಗೆ ನಿಂತಲ್ಲೇ ಓಡುವಾಗ ಗಂಟೆಗೆ ಸುಮಾರು ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ. ಉಳಿಸಲು ಹೊರಟವರು ಖರ್ಚು ಮಾಡಿದಂತಾಯಿತು!

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು?

ಹಳೆಯ ಕಾರ್ಬುರೇಟರ್ ಗಾಡಿಗಳಿಂದ. ಅವುಗಳಲ್ಲಿ ಇಂಜಿನ್ ಎಷ್ಟು ಬಾರಿ ತಿರುಗಿದರೆ ಅಷ್ಟು ಬಾರಿ ಸ್ವಲ್ಪ ಪೆಟ್ರೋಲ್ ಎಳೆದುಕೊಳ್ಳುತ್ತಿತ್ತು. ಆಗ ಈ ಮಾತಿನಲ್ಲಿ ಒಂದಿಷ್ಟು ಸತ್ಯವಿತ್ತು. ಕಾರುಗಳಲ್ಲಿ ಕಾರ್ಬುರೇಟರ್ ಹೋಗಿ ಬಹಳ ವರ್ಷಗಳಾದವು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲೂ ಹೆಚ್ಚುಕಡಿಮೆ ಇಲ್ಲವಾಯಿತು. ಗಾಡಿ ಬದಲಾಯಿತು, ಸಲಹೆ ಮಾತ್ರ ಹಾಗೆಯೇ ಉಳಿಯಿತು.

ಟ್ರೈಲರ್ ಇದ್ದರೆ ಲೆಕ್ಕವೇ ಬೇರೆ

ಎತ್ತರದಲ್ಲಿರುವ ಗಾಡಿಯಲ್ಲಿ ಶಕ್ತಿ ಅಡಗಿರುತ್ತದೆ. ಇಳಿಯುವಾಗ ಅದು ವೇಗವಾಗಬೇಕು, ಇಲ್ಲವೇ ಶಾಖವಾಗಬೇಕು. ಪ್ರಯಾಣಿಕರೂ ಸೇರಿ 1,500 ಕೆ.ಜಿ. ತೂಗುವ ಕಾರು 500 ಮೀಟರ್ ಕೆಳಗಿಳಿಯುತ್ತದೆ ಎಂದುಕೊಳ್ಳಿ. ಹೊರಬರುವ ಶಕ್ತಿ ಸುಮಾರು 25 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ಹಿಂದೆ 1,000 ಕೆ.ಜಿ.ಯ ಕ್ಯಾಂಪಿಂಗ್ ಟ್ರೈಲರ್ ಇದ್ದರೆ ಅದು 40 ಲೀಟರ್ ದಾಟುತ್ತದೆ.

ಗಾಳಿ ಮತ್ತು ಟೈರುಗಳು ಇದರಲ್ಲಿ ಸ್ವಲ್ಪ ಪಾಲು ಹೀರುತ್ತವೆ. ಉಳಿದದ್ದನ್ನು ಇಂಜಿನ್ ಮತ್ತು ಬ್ರೇಕ್ ಹಂಚಿಕೊಳ್ಳಬೇಕು. ನ್ಯೂಟ್ರಲ್ ಹಾಕಿದರೆ ಇಂಜಿನ್ ಹಿಂದೆ ಸರಿಯಿತು ಎಂದರ್ಥ. ಟ್ರೈಲರ್‌ಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಅದರ ಭಾರವೂ ಕಾರಿನ ಬ್ರೇಕಿನ ಮೇಲೆಯೇ ಬೀಳುತ್ತದೆ.

ಬ್ರೇಕ್ ಮಿತಿಮೀರಿ ಕಾದಾಗ ಪ್ಯಾಡ್‌ಗಳ ಹಿಡಿತ ಕುಗ್ಗುತ್ತದೆ. ಬ್ರೇಕ್ ದ್ರವವೂ ಕುದಿಯಬಹುದು. ಹೊಸ ಡಾಟ್-3 ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯಬೇಕು. ಆದರೆ ಅದು ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದ ದ್ರವಕ್ಕೆ ಇರುವ ಕನಿಷ್ಠ ಮಿತಿ 140 ಡಿಗ್ರಿ ಮಾತ್ರ. ಮಲೆನಾಡಿನ ಹವೆಯಲ್ಲಿ ಇದನ್ನು ಮರೆಯುವಂತಿಲ್ಲ. ದ್ರವ ಕುದಿದು ಆವಿಯಾದರೆ ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ.

ಇನ್ನು ಕೀ ತಿರುಗಿಸಿ ಇಂಜಿನ್ ಆಫ್ ಮಾಡಿ ಇಳಿಯುವವರೂ ಇದ್ದಾರೆ. ಆಗ ನಾಲ್ಕಾರು ಬಾರಿ ಒತ್ತುವಷ್ಟರಲ್ಲಿ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಪವರ್ ಸ್ಟೀರಿಂಗ್ ಕೈಕೊಡುತ್ತದೆ. ಕೀ ತೆಗೆದರೆ ಸ್ಟೀರಿಂಗ್ ಲಾಕ್ ಆಗಲೂಬಹುದು.

ಪೆಟ್ರೋಲ್ ಇಂಜಿನ್ ಗಾಡಿಯನ್ನು ಹಿಡಿಯಬಲ್ಲದೇ?

"ಡೀಸೆಲ್ ಆದರೆ ಹಿಡಿಯುತ್ತೆ, ಪೆಟ್ರೋಲ್ ಹಿಡಿಯಲ್ಲ" ಎಂಬ ಮಾತೂ ಇದೆ. ಪೆಟ್ರೋಲ್ ಇಂಜಿನ್‌ಗೆ ಗಾಳಿ ಬರುವ ದಾರಿಯಲ್ಲಿ ಥ್ರಾಟಲ್ ಎಂಬ ಬಾಗಿಲಿದೆ. ಕಾಲು ತೆಗೆದಾಗ ಅದು ಮುಚ್ಚುತ್ತದೆ. ಪಿಸ್ಟನ್‌ಗಳು ಆ ಮುಚ್ಚಿದ ಬಾಗಿಲಿನ ವಿರುದ್ಧ ಗಾಳಿ ಎಳೆಯಲು ಒದ್ದಾಡುತ್ತವೆ, ಆ ಒದ್ದಾಟವೇ ಗಾಡಿಯನ್ನು ತಡೆಯುತ್ತದೆ. ಡೀಸೆಲ್‌ನಲ್ಲಿ ಸಾಮಾನ್ಯವಾಗಿ ಇಂಥ ತಡೆ ಕಡಿಮೆ. ಅದಕ್ಕೆಂದೇ ಲಾರಿ, ಬಸ್ಸುಗಳಲ್ಲಿ ಎಕ್ಸಾಸ್ಟ್ ಬ್ರೇಕ್ ಅಳವಡಿಸುತ್ತಾರೆ. ಪೆಟ್ರೋಲ್ ಗಾಡಿಯ ತಡೆ ಸಿಗಬೇಕಾದರೆ ಗೇರ್ ಇಳಿಸಬೇಕು, ಅಷ್ಟೇ. ಇಂಜಿನ್ ಜೋರಾಗಿ ಕೂಗಿದರೆ ಹೆದರಬೇಡಿ. ಮುಳ್ಳು ಕೆಂಪು ಗೆರೆ ಮುಟ್ಟದಿದ್ದರೆ ಸಾಕು.

ಏನು ಮಾಡಬೇಕು?

* ಇಳಿಜಾರು ಶುರುವಾಗುವ ಮುನ್ನವೇ ಎರಡನೇ ಗೇರ್‌ಗೆ, ಕಡಿದಾದಲ್ಲಿ ಒಂದನೇ ಗೇರ್‌ಗೆ ಬನ್ನಿ. ಆಟೋಮ್ಯಾಟಿಕ್ ಆದರೆ 'ಎಲ್' ಅಥವಾ ಮ್ಯಾನುಯಲ್ ಮೋಡ್ ಬಳಸಿ.
* ಬ್ರೇಕ್ ಮೇಲೆ ಸದಾ ಕಾಲಿಡಬೇಡಿ. ನೇರ ರಸ್ತೆಯಲ್ಲಿ ಒತ್ತಿ ವೇಗ ಇಳಿಸಿ, ಬಿಡಿ. ತಿರುವಿನ ನಡುವೆ ಜೋರಾಗಿ ಒತ್ತಿದರೆ ಟ್ರೈಲರ್ ಹಿಂದಿನಿಂದ ತಳ್ಳಿ ಗಾಡಿ ಕತ್ತರಿಯಂತೆ ಮಡಚಿಕೊಳ್ಳಬಹುದು.
* ಟ್ರೈಲರ್‌ನ ಭಾರವಾದ ಸಾಮಾನು ಅಚ್ಚಿನ ಸ್ವಲ್ಪ ಮುಂದಿರಲಿ. ಒಟ್ಟು ತೂಕದ 10ರಿಂದ 15 ಶೇಕಡಾ ಕೊಂಡಿಯ ಮೇಲೆ ಬೀಳಬೇಕು. ಹಿಂಭಾರ ಹೆಚ್ಚಾದರೆ ಟ್ರೈಲರ್ ಬಾಲದಂತೆ ಅಲ್ಲಾಡುತ್ತದೆ.
* ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಆರಲು ಬಿಡಿ. ಕಾದ ಡ್ರಮ್‌ಗೆ ನೀರು ಸುರಿಯಬೇಡಿ. ಕಾದ ಕಬ್ಬಿಣ ಒಮ್ಮೆಲೇ ತಣಿದರೆ ಬಿರುಕು ಬಿಡಬಹುದೆಂದು ಭದ್ರಾವತಿಯವರಿಗೆ ಹೇಳಿಕೊಡಬೇಕಿಲ್ಲ.
* ಇಕ್ಕಟ್ಟಾದ ಕಡೆ ಹತ್ತುವ ಗಾಡಿಗೆ ಮೊದಲು ದಾರಿ ಬಿಡಿ. ನಮ್ಮ ರಸ್ತೆ ನಿಯಮವೂ ಇದೇ.
* ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿದೆ, ಮಳೆಗಾಲದಲ್ಲಿ ನಿಯಮ ಇನ್ನೂ ಬಿಗಿಯಾಗುತ್ತದೆ. ಟ್ರೈಲರ್‌ನೊಂದಿಗೆ ಹೊರಡುವ ಮುನ್ನ ಯಾವ ಘಾಟಿ ತೆರೆದಿದೆ ಎಂದು ವಿಚಾರಿಸಿ.

ಹಳಬರು ಹೇಳುವ ಇನ್ನೊಂದು ಮಾತಿದೆ: ಯಾವ ಗೇರ್‌ನಲ್ಲಿ ಹತ್ತುತ್ತೀರೋ ಅದೇ ಗೇರ್‌ನಲ್ಲಿ ಇಳಿಯಿರಿ. ಹೊಸ ಗಾಡಿಗಳಲ್ಲಿ ಇದು ಚಾಚೂತಪ್ಪದ ಲೆಕ್ಕವಲ್ಲ, ಕೆಲವೊಮ್ಮೆ ಇನ್ನೂ ಒಂದು ಗೇರ್ ಕೆಳಗೆ ಬೇಕಾಗುತ್ತದೆ. ಆದರೂ ನ್ಯೂಟ್ರಲ್ ಸಲಹೆಯನ್ನು ಬಿಟ್ಟು ನೆನಪಿಡಬೇಕಾದ ಮಾತು ಇದೇ.